ಬಿಳಿ ಧೋತರದ ಮೇಲಿನ ಕರಿ ಎಳೆ

ರಬಕವಿಯ ಬಟ್ಟೆ ವ್ಯಾಪಾರಿ ಚನಮಲ್ಲಪ್ಪನ ಕಣ್ಣೆಂದರೆ ನೇಕಾರರು ನಡುಗುತ್ತಿದ್ದರು. ಅಂಥ ಮಹಾನೇತ್ರಕ್ಕೆ ಒಂದು ಮುಂಜಾನೆ ಬಿಳಿ ಧೋತರದ ಮೇಲೆ ಕರಿ ಎಳೆಯೊಂದು ಕಂಡಿತು. ಇನ್ನೊಂದು ಧೋತರ ಬಿಚ್ಚಿದ, ಅದರಲ್ಲೂ ಇತ್ತು. ಇಡೀ ಗಂಟನ್ನು ನೇಕಾರ ಬಾಳೇಶನ ಮುಂದೆ ಎಸೆದು, ಬಾಯಿಗೆ ಬಂದಂತೆ ಬೈದು ಬಂದ. (ಪಾಪ, ಬಾಳೇಶ ತನ್ನ ಕಣ್ಣೇ ಕೆಟ್ಟಿರಬೇಕೆಂದು ಕಂಗಾಲಾದ.)

ಊಟಕ್ಕೆ ಕುಳಿತರೆ ಎಳೆ ಮೊಸರಿನಲ್ಲಿತ್ತು. ಹೆಂಡತಿ ಇಂದ್ರವ್ವನ ತಲೆಗೂದಲೆಂದು ರಂಪ ತೆಗೆದ. ಆಕೆ ಬಟ್ಟಲನ್ನು ಎತ್ತಿಟ್ಟು, ಗೋಡೆಯನ್ನೊಮ್ಮೆ ನೋಡಿರಿ ಎಂದಳು. ಅಲ್ಲೂ ಇತ್ತು; ಕಣ್ಣು ಹೊರಳಿಸಿದರೆ ಹೊರಳಿ, ನಿಲ್ಲಿಸಿದರೆ ತೇಲುತ್ತ ಕೆಳಗಿಳಿಯಿತು.

"ನನ್ನ ಕೂದಲಾ ಗ್ವಾಡಿ ಮ್ಯಾಲ ಯಾಕ ತಿರಗ್ಯಾಡ್ತೈತ್ರಿ?"

ಮರುದಿನ ಮಸಿ ಚೆಲ್ಲಿದಂತೆ ಚುಕ್ಕೆಗಳು ಕವಿದು, ಕಣ್ಣಂಚಿನಲ್ಲಿ ಮಿಂಚು ಹೊಡೆಯತೊಡಗಿತು. ಪಿತ್ತವೆಂದು ಚನಮಲ್ಲಪ್ಪ ಮುಸುಕೆಳೆದ. ಇಂದ್ರವ್ವ ಮುಸುಕು ಕಿತ್ತು, ಅವನನ್ನು ಜಮಖಂಡಿಯ ಕಣ್ಣಿನ ಡಾಕ್ಟರ್ ಶ್ರೀದೇವಿಯವರ ಮುಂದೆ ತಂದು ಕೂರಿಸಿದಳು.

ಡಾಕ್ಟರು ಹನಿ ಹಾಕಿ ನೋಡಿದರು. ಕಣ್ಣೊಳಗಿನ ಲೋಳೆ ವಯಸ್ಸಾದಂತೆ ಕುಗ್ಗಿ ಗಂಟುಗಟ್ಟುತ್ತದೆ, ಅದರ ನೆರಳೇ ಈ ಎಳೆ. ಬಹಳ ಮಂದಿಗೆ ಅದರಿಂದ ಅಪಾಯವಿಲ್ಲ ಎಂದರು. ಆದರೆ ಚುಕ್ಕೆ ಒಮ್ಮೆಲೇ ಹೆಚ್ಚಿ ಮಿಂಚು ಕಂಡರೆ ತಡಮಾಡುವಂತಿಲ್ಲ. ಇವನ ಕಣ್ಣಿನ ಹಿಂಪದರ ಸಣ್ಣಗೆ ಹರಿದಿತ್ತು. ಬಿಟ್ಟಿದ್ದರೆ ಕಳಚಿ ದೃಷ್ಟಿಯೇ ಹೋಗಬಹುದಿತ್ತು. ಲೇಸರಿನಿಂದ ಹರಿದ ಜಾಗದ ಸುತ್ತ ಬೆಸುಗೆ ಹಾಕಿದರು. ಎಳೆ ಮಾತ್ರ ಉಳಿಯುತ್ತದೆ, ದಿನ ಕಳೆದಂತೆ ರೂಢಿಯಾಗುತ್ತದೆ ಎಂದರು.

ಆಮೇಲೆ ಟಿವಿಯಲ್ಲಿ ಅವನ ಕಣ್ಣಿನೊಳಗನ್ನು ತೋರಿಸಿದರು. ಮೂಡುವ ಸೂರ್ಯನಂಥ ಕೆಂಪು ಬಿಂಬ, ಅದರ ತುಂಬ ಕವಲೊಡೆದು ಹರಿಯುವ ನದಿಗಳು. ಜೀವಮಾನವೆಲ್ಲ ಬಟ್ಟೆಯ ತಪ್ಪು ಹುಡುಕಿದವನು ಬಾಯಿ ತೆರೆದು ನಿಂತ. ಬೆಸುಗೆ ಹಾಕಿದ ಆ ಜಾಗವೊಂದನ್ನು ಬಿಟ್ಟರೆ ಒಂದು ತಪ್ಪೂ ಕಾಣಲಿಲ್ಲ.

"ಇದನ್ನ ನೇದವರ ಯಾರ್ರಿ?" ಎಂದು ಮೆಲ್ಲಗೆ ಕೇಳಿದ.

ಡಾಕ್ಟರು ನಕ್ಕರು.

ಹನಿ ಹಾಕಿದ ಕಣ್ಣಿಗೆ ಬಿಸಿಲು ಸೂಜಿಯಂತೆ ಚುಚ್ಚುತ್ತಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಿಯೇ ಕುಳಿತ. ಆ ನದಿಗಳು ಇನ್ನೂ ಒಳಗೆ ಹರಿಯುತ್ತಿದ್ದವು. ಹೃದಯ ತುಂಬಿ ಬಂದು, ಪಕ್ಕದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇಂದ್ರಾ, ಇಷ್ಟ ವರ್ಷ ನಿನಗೊಂದ ಛಲೋ ಮಾತ ಆಡಲಿಲ್ಲ. ನೀ ಇರಲಿಲ್ಲಂದ್ರ ನನಗ ಕತ್ತಲಿನೇ ಗತಿ ಇತ್ತ. ನೀನs ನನ್ನ ಕಣ್ಣ."

ಆ ಕೈ ಅವನ ಕೈಯನ್ನು ಮೆಲ್ಲಗೆ ತಟ್ಟಿತು.

"ಭಾಳ ಛಲೋ ಮಾತ ಆಡಿದ್ರಿ," ಎಂದಿತು ಒಂದು ಗಡಸು ದನಿ. "ಆದ್ರ ನಾ ತೇರದಾಳದ ಶಿದ್ರಾಮಪ್ಪ. ಮುದುಕ ಅಂತ ಅಕ್ಕಾರು ನನಗ ಸೀಟ ಬಿಟ್ಟಕೊಟ್ಟ ಹಿಂದ ಕುಂತಾರ."

ಬಸ್ಸೆಲ್ಲ ನಕ್ಕಿತು. ಹಿಂದಿನಿಂದ ಇಂದ್ರವ್ವನ ಶಾಂತ ದನಿ ಬಂತು.

"ಬಸ್ಸಿನ ಸಪ್ಪಳಕ್ಕ ನನಗ ಕೇಳಲಿಲ್ರಿ. ಇನ್ನೊಮ್ಮೆ ಜೋರ ಹೇಳ್ರಿ."

ಬೇರೆ ದಾರಿ ಇರಲಿಲ್ಲ. ಚನಮಲ್ಲಪ್ಪ ಕಂಬಿ ಹಿಡಿದು ಎದ್ದು ನಿಂತ, ಕಣ್ಣು ಮುಚ್ಚಿಕೊಂಡೇ ಹೇಳಿದ.