ರಕ್ಷಣಾ ನೌಕೆಯ ಮೂರು ಮತ್ತು ನಾಲ್ಕನೇ ಸೀಟುಗಳ ಬಗ್ಗೆ

ಸಂಖ್ಯೆ: ವ್ಯೋ.ಇ./ಆಸನ/3-4/ಸುತ್ತೋಲೆ-7

ವಿಷಯ: ಮೇಲೆ ಸಿಲುಕಿರುವ ಇಬ್ಬರು ಗಗನಯಾತ್ರಿಗಳನ್ನು ಕರೆತರಲು ಹೊರಡುವ ನೌಕೆಯಲ್ಲಿ ಸೀಟು ಹಿಡಿಯುವುದನ್ನು ನಿಷೇಧಿಸುವ ಕುರಿತು.

ಉಲ್ಲೇಖ: ಇದೇ ವಿಷಯದ ಹಿಂದಿನ ಆರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).

ಎಂಟು ದಿನಗಳ ಕೆಲಸಕ್ಕೆಂದು ಮೇಲಕ್ಕೆ ಹೋದ ಸದರಿ ಇಬ್ಬರು, ತಮ್ಮ ನೌಕೆಯು ಇಳಿಯಲು ಸುರಕ್ಷಿತವಲ್ಲವೆಂದು ಕಂಡುಬಂದ ಕಾರಣ ಏಳು ತಿಂಗಳಿನಿಂದ ಬಾಹ್ಯಾಕಾಶ ನಿಲ್ದಾಣದಲ್ಲೇ ಉಳಿದಿರುತ್ತಾರೆ. ರಕ್ಷಣಾ ನೌಕೆಯಲ್ಲಿ ನಾಲ್ಕು ಸೀಟುಗಳಿದ್ದು, ಇಬ್ಬರು ಚಾಲಕರು ಹೋಗಿ ನಾಲ್ವರು ಬರುವುದೆಂದು ತೀರ್ಮಾನಿಸಲಾಗಿದೆ. ಎರಡು ಸೀಟು ಖಾಲಿ ಎಂಬ ಸುದ್ದಿ ಹಬ್ಬಿದ ಮೇಲೆ, ಸೋಮವಾರದ ತಪಾಸಣೆಯಲ್ಲಿ ಅವುಗಳ ಮೇಲೆ ನಾಲ್ಕು ಕರವಸ್ತ್ರ, ಒಂದು ಕೊಡೆ ಹಾಗೂ ಉಪನಿರ್ದೇಶಕರ ಊಟದ ಡಬ್ಬಿ ಪತ್ತೆಯಾಗಿವೆ. ಆದ್ದರಿಂದ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಸದರಿ ಸೀಟುಗಳನ್ನು ಇನ್ನು ಮುಂದೆ 'ಖಾಲಿ' ಎಂದು ಕರೆಯತಕ್ಕದ್ದಲ್ಲ. ಕೂರುವವರು ಇನ್ನೂ ಬಂದಿಲ್ಲ, ಅಷ್ಟೆ.

2. ಕರವಸ್ತ್ರ, ಚೀಲ, ಕಡತ ಇತ್ಯಾದಿ ಇಟ್ಟು ಸೀಟು ಹಿಡಿಯತಕ್ಕದ್ದಲ್ಲ. 'ಸ್ವಲ್ಪ ಸರ್ಕೊಂಡ್ರೆ ಮೂರು ಜನ ಕೂರ್ಬಹುದಲ್ರೀ' ಎಂಬ ವಾದವನ್ನು ಪುರಸ್ಕರಿಸಲಾಗುವುದಿಲ್ಲ.

3. ಯಾತ್ರಿಗಳು ನಿಜವಾಗಿಯೂ ಸಿಲುಕಿದ್ದಾರೆಯೇ ಎಂದು ಸ್ಥಳ ಪರಿಶೀಲಿಸಲು ಇಬ್ಬರು ಸದಸ್ಯರ ಸಮಿತಿಯನ್ನು ಅದೇ ಸೀಟುಗಳಲ್ಲಿ ಕಳುಹಿಸುವ ಪ್ರಸ್ತಾವವನ್ನು ಕೈಬಿಡಲಾಗಿದೆ. ಸಮಿತಿಯು ಮರಳಿ ಬಂದರೆ ಯಾತ್ರಿಗಳು ಅಲ್ಲೇ ಉಳಿಯುವರೆಂಬುದನ್ನು ಮೂರನೇ ಸಭೆಯಲ್ಲಿ ಗಮನಿಸಲಾಯಿತು.

4. ಹೋಗುವಾಗ ತೂಕ ಸರಿದೂಗಿಸಲು ಸೀಟುಗಳಿಗೆ ಮರಳಿನ ಚೀಲ ಕಟ್ಟತಕ್ಕದ್ದು. ತಾವೇ ಅಷ್ಟು ತೂಗುತ್ತೇವೆಂದು ಅರ್ಜಿ ಹಾಕಿದ ಇಬ್ಬರು ಅಧೀಕ್ಷಕರ ಉತ್ಸಾಹವನ್ನು ಶ್ಲಾಘಿಸಿ, ಅರ್ಜಿ ತಿರಸ್ಕರಿಸಲಾಗಿದೆ. ಚೀಲಗಳನ್ನು ಮೇಲೆ ಬಿಟ್ಟುಬರಬಹುದು. ಅಧೀಕ್ಷಕರನ್ನು ಬಿಟ್ಟುಬರಲು ಸದ್ಯಕ್ಕೆ ಅವಕಾಶವಿಲ್ಲ.

5. ಕಿರಿಯ ಯಾತ್ರಿಯ ತಾಯಿಯವರು ವಿಚಾರಣೆ ಕಿಟಕಿಗೆ ಬಂದು, 'ನಾನೇ ಹೋಗಿ ಕರ್ಕೊಂಡ್ ಬರ್ತೀನಿ, ಕಿಟಕಿ ಪಕ್ಕದ್ದೇ ಬೇಕು ಅಂತೇನಿಲ್ಲ' ಎಂದು ಮನವಿ ಮಾಡಿರುತ್ತಾರೆ. ತಾವು ಕೂತರೆ ಮಗಳಿಗೆ ಬರಲು ಸೀಟಿರದೆಂದು ತಿಳಿಸಲಾಗಿ, 'ಅವಳು ಬರ್ಲಿ ಬಿಡಪ್ಪ, ನಾನಲ್ಲೇ ಇರ್ತೀನಿ' ಎಂದಿರುತ್ತಾರೆ. ಸದರಿ ಮನವಿಯನ್ನು ಕಡತದಲ್ಲಿ ದಾಖಲಿಸಲಾಗಿದೆ. ಗುಮಾಸ್ತರು ಕಿಟಕಿ ಮುಚ್ಚಿ, ಅವರನ್ನು ಬಸ್ಸಿನವರೆಗೆ ಬಿಟ್ಟುಬಂದ ಹತ್ತು ನಿಮಿಷವನ್ನು ಕರ್ತವ್ಯವೆಂದೇ ಪರಿಗಣಿಸಲಾಗಿದೆ.

6. ನಾಲ್ಕು ಕರವಸ್ತ್ರಗಳ ಪೈಕಿ ಮೂರನ್ನು ಅವರವರಿಗೆ ಹಿಂದಿರುಗಿಸಲಾಗಿದೆ. ಮೂಲೆಯಲ್ಲಿ 'ಪುಟ್ಟಿ' ಎಂದು ಕಸೂತಿ ಹಾಕಿರುವ ನಾಲ್ಕನೆಯದು, ಕುಟುಂಬದವರಿಗೆ ನೌಕೆ ತೋರಿಸಿದ ದಿನ ಸದರಿ ತಾಯಿಯವರು ಇಟ್ಟುಹೋದದ್ದು. ಸೀಟಿನ ಒಡತಿಗಾಗಿಯೇ ಹಿಡಿದ ಸೀಟಾದ್ದರಿಂದ ಖಂಡಿಕೆ 2 ಇದಕ್ಕೆ ಅನ್ವಯಿಸುವುದಿಲ್ಲ. ಅದನ್ನು ಸೀಟಿನ ಬೆಲ್ಟಿಗೆ ಗಂಟು ಹಾಕಿ ಕಳುಹಿಸತಕ್ಕದ್ದು. ಕರವಸ್ತ್ರದ ತೂಕ ಹದಿನಾಲ್ಕು ಗ್ರಾಂ. ಅಷ್ಟು ಮರಳನ್ನು ಚಮಚದಿಂದ ತೆಗೆಯಲಾಗಿದೆ.

ಸಹಿ/-
ಜಂಟಿ ನಿರ್ದೇಶಕರು (ಆಸನಗಳು)

ಪ್ರತಿಗಳು:
1. ಇಬ್ಬರು ಚಾಲಕರಿಗೆ, ನೌಕೆಯ ಬಾಗಿಲಿಗೆ ಅಂಟಿಸಲು (ಒಳಬದಿಗೆ).
2. ಉಪನಿರ್ದೇಶಕರಿಗೆ, ಡಬ್ಬಿ ಸಹಿತ.
3. ತಾಯಿಯವರಿಗೆ, ಮಾಹಿತಿಗಾಗಿ.
4. ಮೇಲಿರುವ ಯಾತ್ರಿಗಳಿಬ್ಬರಿಗೆ, ರೇಡಿಯೊ ಮೂಲಕ. ಸ್ವೀಕೃತಿಗೆ ಇಬ್ಬರೂ ಕಚೇರಿಗೆ ಖುದ್ದಾಗಿ ಬಂದು ಸಹಿ ಮಾಡತಕ್ಕದ್ದು. ಕರವಸ್ತ್ರವನ್ನು ಕಿರಿಯ ಯಾತ್ರಿಯು ಅಮ್ಮನ ಕೈಗೇ ಒಪ್ಪಿಸತಕ್ಕದ್ದು. ಬೇರೆಯವರ ಕೈಲಿ ಕೊಟ್ಟು ಕಳುಹಿಸತಕ್ಕದ್ದಲ್ಲ.