ಹೊನ್ನಾವರದ ಪಿಯಾನೊದೊಳಗೆ ನನ್ನ ಕೈ

ಕುಮಟೆಯಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುವ ನನಗೆ, ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಒಂದು ವಿದ್ವತ್ತಿನ ಕೆಲಸ ಮಾಡಬೇಕೆನಿಸಿತು. ಕರಾವಳಿಯ ಮನೆಗಳಲ್ಲಿ ಉಳಿದಿರುವ ಹಳೆಯ ಪಿಯಾನೊಗಳನ್ನು ಪರೀಕ್ಷಿಸಿ ಲೇಖನ ಬರೆಯುವುದೆಂದು ತೀರ್ಮಾನಿಸಿದೆ. ಪಿಯಾನೊವನ್ನು ಅದುವರೆಗೆ ಹತ್ತಿರದಿಂದ ನೋಡಿರಲಿಲ್ಲ. ಅದೊಂದು ಅಡ್ಡಿಯೆಂದು ತೋರಲಿಲ್ಲ.

"ಹಾರ್ಮೋನಿಯಂ ಬಂದವಂಗೆ ಪಿಯಾನೊ ಎಂತ ಮಹಾ?" ಎಂದೆ.

"ನಾನೂ ಬರ್ತೆ," ಎಂದಳು ಹೆಂಡತಿ ಗಿರಿಜೆ. "ಸಂಗಡ ಒಬ್ರು ಇರ್ಲಿ."

ಮೊದಲು ಹೊನ್ನಾವರ. ಅಲ್ಲಿ ರೋಜಿಬಾಯಿ ಎಂಬ ವೃದ್ಧೆಯ ಮನೆಯಲ್ಲಿ ಅವರ ಗಂಡ ನುಡಿಸುತ್ತಿದ್ದ ಪಿಯಾನೊ ಇತ್ತು. ಆತ ತೀರಿಕೊಂಡ ಮೇಲೆ ಯಾರೂ ನುಡಿಸಿರಲಿಲ್ಲ. ರೋಜಿಬಾಯಿ ಮಾತ್ರ ದಿನಾ ಅದನ್ನು ಒರೆಸಿ, ಮೇಲೊಂದು ಕಸೂತಿ ಬಟ್ಟೆ ಹಾಸುತ್ತಿದ್ದರು.

"ನೋಡಿ ಮಾಸ್ತರೆ. ಹಾಳು ಮಾತ್ರ ಮಾಡ್ಬೇಡಿ," ಎಂದರು.

ಪಿಯಾನೊದ ವಯಸ್ಸು ಒಳಗಿನ ಸಂಖ್ಯೆಯಿಂದ ತಿಳಿಯುತ್ತದೆಂದು ಓದಿದ್ದೆ. ಮುಚ್ಚಳ ಎತ್ತಿ ಬಗ್ಗಿದೆ. ಕನ್ನಡಕ ಒಳಗೆ ಬಿತ್ತು. ತೆಗೆಯಲು ಕೈ ಹಾಕಿದೆ. ಕೈ ಮೊಣಕೈವರೆಗೂ ಸಲೀಸಾಗಿ ಹೋಯಿತು. ಹೋದದ್ದು ಬರಲಿಲ್ಲ. ಕೈಗಡಿಯಾರ ಎಲ್ಲೋ ಸಿಕ್ಕಿಕೊಂಡಿತ್ತು.

ಸ್ವಲ್ಪ ಹೊತ್ತು ಸಂಶೋಧಕನ ಹಾಗೆಯೇ ನಿಂತಿದ್ದೆ.

"ಎಂತ ಕಾಣ್ತದೆ ಮಾಸ್ತರೆ?" ಎಂದರು ಬಾಯಿ.

"ಬಹಳ ಗಟ್ಟಿ ಕಟ್ಟಿದ್ದಾರೆ."

ಗಿರಿಜೆ ನನ್ನ ಮುಖ ನೋಡಿದಳು. "ಬಾಯಿ, ಇವರ ಕೈ ಸಿಕ್ಕಿಬಿದ್ದದೆ. ಚೂರು ತೆಂಗಿನೆಣ್ಣೆ ಕೊಡಿ."

ಎಣ್ಣೆ ಬಂತು. ಗಿರಿಜೆ ಸುರಿದಳು. ನಾನು ಎಳೆದೆ. ಒಳಗೆ ಠಣ್ಣೆಂದು ಒಂದು ತಂತಿ ಕಡಿದುಹೋಯಿತು. ಕೈ ಬಂತು.

ರೋಜಿಬಾಯಿ ಕುರ್ಚಿಯಲ್ಲಿ ಕುಳಿತುಬಿಟ್ಟರು. "ಅವರು ಹೋದಮೇಲೆ ಇದು ಇವತ್ತೇ ಬಾಯಿ ಬಿಟ್ಟದ್ದು. ಬೈದ ಹಾಂಗೆ ಕೇಳ್ತು," ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

"ತಂತಿ ನಾನು ಹಾಕಿಸಿ ಕೊಡ್ತೆ."

"ಆತು. ನೀವು ಹಾಕ್ಬೇಡಿ."

ನನ್ನನ್ನು ಸಾಬೂನು ಕೊಟ್ಟು ಅಂಗಳದ ನಲ್ಲಿಗೆ ಕಳಿಸಲಾಯಿತು. ಒಳಗೆ ಗಿರಿಜೆ ಎಣ್ಣೆ ಒರೆಸಿ, ಪೊರಕೆಯ ಹಿಡಿಕಡ್ಡಿಯಿಂದ ಕನ್ನಡಕ ಎತ್ತಿ, ಸಂಖ್ಯೆಯನ್ನೂ ಬರೆದುಕೊಂಡಳು. ಆಮೇಲೆ ರೋಜಿಬಾಯಿ ಹೇಳಿದಂತೆ ಒಂದೊಂದೇ ಸ್ವರದ ಮನೆ ಒತ್ತಿ ನೋಡಿದಳು. ಒಂದು ಬಿಟ್ಟು ಉಳಿದವೆಲ್ಲ ನುಡಿದವು. ಬಾಯಿ ಇನ್ನೊಮ್ಮೆ ಒತ್ತಿಸಿದರು, ಮತ್ತೊಮ್ಮೆ ಒತ್ತಿಸಿದರು. ಚಹಾ ಬಂದಾಗ ಇಬ್ಬರೂ ನಗುತ್ತಿದ್ದುದು ನಲ್ಲಿಯವರೆಗೆ ಕೇಳಿತು.

ಭಟ್ಕಳದಲ್ಲಿ ಪರಿಚಯದವರ ಮನೆಯಲ್ಲಿ ಇನ್ನೊಂದು ಪಿಯಾನೊ ಇದೆಯೆಂದು ಬಾಯಿಯೇ ಹೇಳಿದ್ದರು. ಫೋನ್ ಮಾಡಿದೆ.

"ಜರೂರ್ ಬನ್ನಿ ಮಾಸ್ತರೆ, ಊಟ ನಮ್ಮಲ್ಲೇ," ಎಂದರು ಆ ಮನೆಯ ಯಜಮಾನರು. "ಪಿಯಾನೊ ನಿಮ್ಮ ಮನೆಯವರಿಗೆ ತೋರಿಸ್ತೇವೆ. ನಾವಿಬ್ರೂ ಜಗುಲಿಯಲ್ಲಿ ಕೂತ್ಕೊಳ್ಳುವ."

ಲೇಖನ ಅಚ್ಚಾಯಿತು, ಗಿರಿಜೆಯ ಹೆಸರಿನಲ್ಲಿ. ಪಿಯಾನೊ ಕುರಿತು ಏನಾದರೂ ತಿಳಿಯಬೇಕಿದ್ದರೆ ಅವಳನ್ನೇ ಕೇಳಿ. ಭಟ್ಕಳದ ಆ ಜಗುಲಿಯ ಬಗ್ಗೆಯಾದರೆ ನಾನಿದ್ದೇನೆ.