ಕೆಪ್ಯಾಸಿಟರಿಗೆ ಚಾರ್ಜ್ ಕೊಟ್ಟಿದ್ದು

ನಾನು ಬಾಯಿ ಮುಚ್ಕೊಂಡು ಕೂತ ದಿನ ನನಗ ಯಾವ ಫಜೀತಿನೂ ಆಗಿಲ್ಲ. ಆದ್ರ ಅಂಥ ದಿನ ನನ್ನ ನೌಕರಿಯೊಳಗ ಭಾಳ ಕಮ್ಮಿ.

ಶಹಾಪುರದ ಕಡೆ ಕಾಲುವಿಗೆ ಹೊಸದಾಗಿ ನೀರು ಬಿಡಾಕತ್ತಿದ್ದ ಕಾಲ ಅದು. ಭೀಮರಾಯನಗುಡಿ ಕ್ಯಾಂಪಿನ್ಯಾಗ ನಾನು ಕರೆಂಟಿನ ಜೂನಿಯರ್ ಇಂಜಿನಿಯರ್. ಕಾಲುವಿ ಗೇಟ್ ಎತ್ತೋ ಮೋಟಾರಿಗೆ ಹೋಗೋ ಕೇಬಲ್ ನೆಲದೊಳಗ ಎಲ್ಲೋ ಒಂದು ಕಡೆ ಸುಟ್ಟಿತು. ಆರು ಮಂದಿ ಗ್ಯಾಂಗ್‌ಮನ್‌ಗಳು ಕೈಲೇ ಹ್ಯಾಂಡಲ್ ತಿರುವಿ ಗೇಟ್ ಎತ್ತಿ, ಅಂಗೈತುಂಬ ಬೊಬ್ಬಿ ತರಿಸ್ಕೊಂಡ್ರು. ಕೇಬಲ್ ಹೋದ ಉದ್ದಕ್ಕೂ ಅಗಿಸ್ರಿ ಅಂದ್ರು ದೊಡ್ಡ ಸಾಹೇಬ್ರು. ಅಗಿಯೋರೂ ಅದೇ ಆರು ಮಂದಿ. ಅವರ ಮಾರಿ ನೋಡಿ ನನ್ನ ಬಾಯಿ ತೆರೀತು.

“ಅಗಿಯೋದು ಬ್ಯಾಡ್ರಿ ಸರ್. ಕೆಪ್ಯಾಸಿಟರ್‌ನ್ಯಾಗ ಸಾವಿರಾರು ವೋಲ್ಟ್ ತುಂಬಿ, ಒಮ್ಮಿಗೇ ಕೇಬಲ್‌ಗೆ ಬಿಡೋ ಮಷೀನ್ ಮಾಡ್ತೀನಿ. ಸುಟ್ಟ ಜಾಗಾದಾಗ ನೆಲ ಧಡ್ ಅಂತದ. ಒಂದೇ ಗುಂಡಿ ಸಾಕು.”

ಎಂಟು ದಿನ ಕೊಟ್ರು. ಆಗಲಿಲ್ಲಂದ್ರ ಗ್ಯಾಂಗ್‌ಮನ್‌ಗಳ ಜೊತಿ ನೀವೂ ಸಲಿಕಿ ಹಿಡೀರಿ ಅಂದ್ರು.

ಹೆಡ್‌ಕ್ಲಾರ್ಕರ ಕಾಳಜಿ

ಸಾಮಾನು ಬೇಕಂತ ಕಾಗದ ಬರದೆ. ಮ್ಯಾಲ ದೊಡ್ಡ ಅಕ್ಷರದಾಗ, ‘ಕೆಪ್ಯಾಸಿಟರ್ ಚಾರ್ಜ್ ಹಾಗೂ ಡಿಸ್ಚಾರ್ಜ್ ಸಲುವಾಗಿ’ ಅಂತ ಹಾಕಿದೆ. ನಮ್ಮ ಹೆಡ್‌ಕ್ಲಾರ್ಕ್ ಸರ್ವೀಸ್ ಪೂರಾ ನೋಡಿದ್ದು ಒಂದೇ ಚಾರ್ಜ್. ಒಬ್ಬರು ವರ್ಗ ಆಗಿ ಹೋಗುವಾಗ ಇನ್ನೊಬ್ಬರಿಗೆ ಕೊಡೋದು. ಕಾಗದ ಓದಿ ನನ್ನ ಕಡೆ ಭಾಳ ಮರುಕದಿಂದ ನೋಡಿದ್ರು. ಯಾವಾಗ ಹೊಂಟೀರಿ, ಚಾರ್ಜ್ ಯಾರಿಗೆ ಕೊಡ್ತೀರಿ ಅಂತ ಕೇಳಿದ್ರು.

ಎಲ್ಲಿಗೂ ಹೊಂಟಿಲ್ರಿ, ಚಾರ್ಜ್ ಕೆಪ್ಯಾಸಿಟರಿಗೆ ಅಂದೆ.

“ಅವರು ಸುರಪುರ ಆಫೀಸಿನಿಂದ ಬರಾಕತ್ತಾರೇನ್ರಿ? ಕ್ವಾರ್ಟರ್ಸ್ ಖಾಲಿ ಇಲ್ಲಲ್ಲ!”

ಸವಳು ನೀರು

ಕೆಪ್ಯಾಸಿಟರಿಗೆ ಕರೆಂಟ್ ಒಮ್ಮಿಗೇ ನುಗ್ಗಬಾರದು, ಸಾವಕಾಶ ತುಂಬಬೇಕು. ಅದಕ್ಕ ನಡುವ ಒಂದು ದೊಡ್ಡ ರೆಸಿಸ್ಟರ್ ಬೇಕು. ಯಾದಗಿರಿ ಅಂಗಡಿ ಎಲ್ಲಾ ತಿರುಗಿದೆ, ಸಿಗಲಿಲ್ಲ. ಪ್ಲಾಸ್ಟಿಕ್ ಪೈಪಿನೊಳಗ ಉಪ್ಪುನೀರು ತುಂಬಿ ನಾನೇ ಒಂದು ಮಾಡ್ಕೊಂಡೆ. ಚಾರ್ಜ್ ಜಿಗಿಯಾಕಂತ ಎದುರುಬದುರು ಇಟ್ಟಿದ್ದ ಹಿತ್ತಾಳಿ ಗುಂಡುಗಳ ನಡುವ ಚಟ್ ಅಂತ ಕಿಡಿ ಹಾರಿತು. ಅಬ್ಬಾ, ಆ ದಿನ ನನಗ ಕ್ಯಾಂಪೇ ಸಣ್ಣದು ಕಂಡಿತು.

ಮರುದಿನ ದೊಡ್ಡ ಸಾಹೇಬ್ರನ್ನ ಕರೆದು ಕೂಡಿಸಿ ಸ್ವಿಚ್ ಹಾಕಿದೆ. ವೋಲ್ಟ್ ಮೀಟರಿನ ಮುಳ್ಳು ಮ್ಯಾಲ ಏರವಲ್ದು. ಬಂದ್ ಮಾಡಿ, ಟ್ರಾನ್ಸ್‌ಫಾರ್ಮರ್ ಬಿಚ್ಚಿದೆ, ಡಯೋಡ್ ಬಿಚ್ಚಿದೆ, ಅಂಗಡಿಯವನಿಗೆ ಬೈದೆ. ಬೆವರು ಒರಸ್ಕೋಳಾಕತ್ತಾಗ, ನಿವೃತ್ತಿಗೆ ಬಂದಿದ್ದ ನಮ್ಮ ಜವಾನ ಮೆಲ್ಲಕ ಹೇಳಿದ. ಪೈಪಿನ ನೀರು ಬಾಯಿಗೆ ಹಾಕ್ಕೊಂಡು ನೋಡಿದ್ನಂತ, ಸವಳಿತ್ತಂತ. ಸಾಹೇಬ್ರು ಬರ್ತಾರಂತ ಚೆಲ್ಲಿ ಸಿಹಿನೀರು ತುಂಬ್ಯಾನ. ಉಪ್ಪಿಲ್ಲದ ನೀರಿನ್ಯಾಗ ಕರೆಂಟ್ ಹರಿಯೋದು ಅಷ್ಟಕ್ಕಷ್ಟೇ.

ಸಾಹೇಬ್ರು ಎದ್ದು ನಿಂತ್ರು. “ಇವನು ರುಚಿಯಾದ್ರೂ ನೋಡ್ಯಾನ. ನೀವು ಅದನ್ನೂ ನೋಡಿಲ್ಲಲ್ರಿ.”

ಧಡ್

ಎಂಟನೇ ದಿನ ಮುಂಜಾನಿ ಮಷೀನ್ ಹಚ್ಚಿದ್ವಿ. ನಾನು ಕೇಬಲ್ ಗುಂಟ ನಾಕು ಹೆಜ್ಜಿಗೊಮ್ಮೆ ಬೋರಲು ಬಿದ್ದು ನೆಲಕ್ಕ ಕಿವಿ ಹಚ್ಕೋತ ಹೊಂಟೆ. ಗೋಗಿ ಊರಿಗೆ ಹೊಂಟಿದ್ದ ಆಟೋ ಒಂದು ನಿಂತಿತು. ಸಾಹೇಬ್ರಿಗೆ ಹೊಟ್ಟಿ ನೋವೇನು ಅಂತ ಒಳಗಿನವ್ರು ಗ್ಯಾಂಗ್‌ಮನ್‌ಗಳಿಗೆ ಕೇಳಿದ್ರು. ಹೌದ್ರಿ ಅಂದ್ರು ಅವ್ರು.

ಊಟದ ಹೊತ್ತಿಗೆ ಕೇಳಿಸ್ತು ನೋಡ್ರಿ. ಧಡ್. ಮತ್ತ ಧಡ್. ಸಿಕ್ತು ಅಂತ ಎದ್ದು ಕುಣಿಯೋದೊಂದು ಬಾಕಿ. ಮಷೀನ್ ಬಂದ್ ಮಾಡಿಸಿ, ಕೆಪ್ಯಾಸಿಟರ್ ಖಾಲಿ ಮಾಡಿಸಿ, ಅಗಿಸಿದೆ. ಸೊಂಟದ ಮಟ ಗುಂಡಿಯಾಯ್ತು. ಕೇಬಲ್ ಸಿಕ್ತು, ಅದಕ್ಕ ಒಂದು ಗೀರೂ ಇಲ್ಲ. ಮಷೀನ್ ಬಂದ್ ಆದ್ರೂ ಧಡ್ ಮಾತ್ರ ಬಂದ್ ಆಗವಲ್ದು.

ಒಬ್ಬ ಗ್ಯಾಂಗ್‌ಮನ್ ಕಾಲುವಿ ಏರಿ ಹತ್ತಿ ಆಕಡೆ ನೋಡಿದ. ನೋಡಿದವನೇ ಹೊಟ್ಟಿ ಹಿಡ್ಕೊಂಡು ನಗಕೋತ ಕುಂತ. ಕಾಲುವಿ ದಂಡ್ಯಾಗ ಒಬ್ಬಾಕಿ ಕಲ್ಲಿಗೆ ಬಡದು ದಪ್ಪನ ಕೌದಿ ಒಗ್ಯಾಕತ್ತಿದ್ಳು.

ನನ್ನ ಮಾರಿ ಎಲ್ಲಿ ಇಡ್ಲಿ? ಸಲಿಕಿ ಹಿಡಿಯೋದು ಖಾತ್ರಿ ಆಯ್ತು. ಏರಿ ಹತ್ತಿ, “ಯವ್ವಾ, ಒಂದು ತಾಸು ಒಗಿಯೋದು ನಿಲ್ಲಸ್ತೀಯೇನು?” ಅಂದೆ.

“ನಿಲ್ಲಸ್ತೀನ್ರಿ. ಏರಿ ಆಕಡಿ, ಆ ಜಾಲಿಗಿಡದ ಬುಡಕ ಒಗಿಯೋರು ಆಗ್ಲೇ ನಿಲ್ಲಿಸ್ಯಾರ.”

“ಅಲ್ಲಿ ಯಾರಿದ್ರು?”

“ಯಾರಿಗ್ಗೊತ್ರಿ. ಮುಂಜಾನಿಯಿಂದ ನನ್ನ ಜೊತಿಗೆ ಧಡ್ ಧಡ್ ಅಂತಿತ್ತು. ಮಂದಿ ಮಾತ್ರ ಕಾಣಲಿಲ್ಲ.”

ನನ್ನ ಮಷೀನೂ ಆಗ್ಲೇ ಬಂದ್ ಆಗಿತ್ತಲ್ಲ! ಜಾಲಿಗಿಡದ ಬುಡಕ ಅಗದ್ವಿ. ಮೊಣಕಾಲು ಆಳಕ್ಕ ಸುಟ್ಟ ಕೇಬಲ್ ಸಿಕ್ತು. ಮರುದಿನ ಜೋಡಿಸಿ ಬಟನ್ ಒತ್ತಿದ್ರ ಗೇಟ್ ತಾನಾಗೇ ಎದ್ದಿತು. ಆರು ಮಂದಿನೂ ಕೈ ಕಟ್ಕೊಂಡು ನಿಂತು ನೋಡಿದ್ರು. ಆ ಖುಷಿ ನನಗ ಇವತ್ತಿಗೂ ಅದ.

ಅದೇ ಖುಷಿಯೊಳಗ ಆಫೀಸಿಗೆ ಹೋಗಿ, ಮಷೀನ್ ಗೆದ್ದಿತ್ರಿ ಅಂದೆ. ಹೆಡ್‌ಕ್ಲಾರ್ಕರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ನನ್ನ ಹಳೇ ಕಾಗದ ಹೊರಗ ತಗದು, ಪೆನ್ನಿನ ಟೋಪಿ ಬಿಚ್ಚಿದ್ರು.

“ಆ ಕೌದಿ ಒಗಿಯೋ ಅವ್ವನ ಹೆಸರೇನ್ರಿ? ಚಾರ್ಜ್ ಆಕಿಗೇ ಕೊಟ್ಟುಬಿಡೋಣ.”